ಕೆಂಪು ದಾರದ ಚೀಲ

ವಿರುಪಾಕ್ಷಿ ಬಾಗಿಲು ಒದ್ದ. ರೇಣುಕಮ್ಮ ಗಡಬಡಿಸಲಿಲ್ಲ. ಕೈಯಲ್ಲಿದ್ದ ಕೂದಲುಂಡೆಯ ಇನ್ನೊಂದು ಸಿಕ್ಕು ಬಿಡಿಸಿ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಆಮೇಲೆ ಎದ್ದು ಚಿಲಕ ತೆಗೆದಳು.

"ದುರ್ಗಾದೇವಿ ಎಲ್ಲದಾಳ?"

"ಇಲ್ರಿ. ನಾ ಬಾಡಿಗಿಗೆ ಬಂದಾಕಿ. ಹೋದ ಮಂಗಳವಾರನೂ ಹೇಳಿದ್ನಲ್ರಿ."

ಅದರ ಹಿಂದಿನ ಮಂಗಳವಾರವೂ ಹೇಳಿದ್ದಳು. ಭಾಗ್ಯನಗರದ ಈ ಒಂದು ಕೋಣೆಯ ಮನೆಗೆ ಬಂದು ಎರಡೂವರೆ ತಿಂಗಳಾಗಿತ್ತು. ವಸೂಲಿಯವನು ಒಂದು ವಾರವೂ ತಪ್ಪಿಸಿರಲಿಲ್ಲ. ಮೊದಲಿದ್ದ ದುರ್ಗಾದೇವಿ ಹೊಲಿಗೆ ಯಂತ್ರಕ್ಕೆಂದು ಫೈನಾನ್ಸಿನಲ್ಲಿ ಸಾಲ ಎತ್ತಿ, ಅರ್ಧ ಕಟ್ಟಿ, ಒಂದು ದಿನ ಬೀಗ ಜಡಿದು ಹೋಗಿದ್ದಳಂತೆ. ಓಣಿಯಲ್ಲಿ ಯಾರಿಗೂ ಹೇಳಿ ಹೋಗಿರಲಿಲ್ಲ. ಫೈನಾನ್ಸಿನ ಕಂಪ್ಯೂಟರಿಗೆ ಮಾತ್ರ ಅವಳು ಇನ್ನೂ ಇಲ್ಲೇ ಇದ್ದಳು.

ಪಕ್ಕದ ಮನೆಯ ಬಾನುಬೀಗೆ ಇದನ್ನು ನೋಡಿ ನೋಡಿ ಸಾಕಾಗಿತ್ತು. "ಸುಮ್ನ ಮನಿ ಬಿಡವ್ವಾ. ನವಲಿಯಿಂದ ಬಂದು ಇದ ಮನಿ ಯಾಕ ಹಿಡದಿ? ಆಚಿ ಓಣ್ಯಾಗ ಇದಕ್ಕಿಂತ ಛಲೋದು ಖಾಲಿ ಐತಿ. ಬಾಡಿಗಿನೂ ಕಡಿಮಿ."

"ನನಗ ಇದ ಮನಿ ಬೇಕಿತ್ತು, ಬಾನುಬೀ."

ಹಟಮಾರಿ ಹೆಂಗಸು ಎಂದು ಗೊಣಗಿಕೊಂಡು ಬಾನುಬೀ ಒಳಗೆ ಹೋಗಿದ್ದಳು. ಹಟ ಇದ್ದದ್ದು ನಿಜವೇ. ಈ ಬೂಟುಗಾಲಿನವನಿಗೆ ಬುದ್ಧಿ ಕಲಿಸದೆ ಇಲ್ಲಿಂದ ಕದಲುವುದಿಲ್ಲ ಎಂದು ರೇಣುಕಮ್ಮ ಯಾವತ್ತೋ ನಿಶ್ಚಯಿಸಿಬಿಟ್ಟಿದ್ದಳು. ಬೈದು ಕಳಿಸಿದರೆ ಅವನಿಗೆ ಏನೂ ಆಗುವುದಿಲ್ಲ. ಬೈಗುಳ ತಿಂದೇ ಅವನು ಹೊಟ್ಟೆ ಹೊರೆಯುವವನು.

ಹಾಗಾಗಿ ಅವನಿಗೆ ಚಹಾ ಕೊಡುತ್ತಿದ್ದಳು. ಚಹಾ ಕುಡಿದ ಗಂಡಸು ಬಾಯಿ ಬಿಡುತ್ತಾನೆ. ಹಿಂದೊಂದು ಮಂಗಳವಾರ ಕೇಳಿದ್ದಳು.

"ಮೊದಲಿಂದ ನೀವ ಬರ್ತಿದ್ರೇನ್ರಿ ಆಕಿ ಕಡೆ?"

"ಮತ್ತ್ಯಾರು? ದಿನಾ ಇದ ಕಟ್ಟಿ ಮ್ಯಾಲೆ ಕೂಡ್ತಿದ್ದೆ. ಓಣಿಗೆಲ್ಲಾ ಕೇಳೂ ಹಂಗ ಒದರ್ತಿದ್ದೆ. ಒಂದಿನ ಅಳಾಕ ಹತ್ತಿದ್ಳು. ಸತ್ರ ಸಾಲ ಮಾಫ್ ಆಗ್ತೈತಿ, ಬದುಕಿದ್ರ ಕಟ್ಟಾಕ ಬೇಕು ನೋಡವ್ವಾ, ಅಂದೆ." ಅವನು ನಕ್ಕ. "ಮರುದಿನ ಪರಾರಿ!"

ರೇಣುಕಮ್ಮ ಅವನು ಕುಡಿದಿಟ್ಟ ಲೋಟ ಒಯ್ದು ತೊಳೆದಳು. ಎರಡು ಸಲ ತೊಳೆದಳು.

"ವಾಪಸ್ ಬಂದ್ರ ನನಗ ಹೇಳು."

"ಬರೂದಿಲ್ರಿ ಆಕಿ."

"ನಿನಗ ಹ್ಯಾಂಗ ಗೊತ್ತು?"

"ಬರೂ ಹಂಗಿದ್ರ ಹೋಗ್ತಿದ್ಳೇನ್ರಿ?"

ಅದು ಹಿಂದಿನ ಮಾತು. ಈ ಮಂಗಳವಾರ ವಿರುಪಾಕ್ಷಿಗೆ ಚಹಾ ಬೇಕಿರಲಿಲ್ಲ. ಇವತ್ತು ಲೆಕ್ಕ ಮುಗಿಸದಿದ್ದರೆ ನಿನ್ನ ಪಗಾರದಲ್ಲೇ ಮುರಿಯುತ್ತೇನೆ ಎಂದು ಮ್ಯಾನೇಜರು ಬೆಳಿಗ್ಗೆ ಹೇಳಿ ಕಳಿಸಿದ್ದ. ಅವನು ಬೂಟು ಹಾಕಿಕೊಂಡೇ ಒಳನುಗ್ಗಿ ನೀರಿನ ಕೊಡ ಉರುಳಿಸಿದ.

"ವಿಳಾಸ ಇದ ಐತಿ. ಆಕಿ ಇಲ್ಲಂದ್ರ ನೀ ಕಟ್ಟು!"

"ನಾ ಎಲ್ಲಿಂದ ತರ್ಲಿ? ಇರೂ ನಾಕ್ ಭಾಂಡೆ ಒಯ್ರಿ ಬೇಕಾದ್ರ." ರೇಣುಕಮ್ಮನ ದನಿ ಪಕ್ಕದ ಮನೆಗೆ ಕೇಳುವಷ್ಟು ಏರಿತು. "ಆ ಮೂಲ್ಯಾಗಿನ ಚೀಲಕ್ಕ ಕೈ ಹಚ್ಚಬ್ಯಾಡ್ರಿ! ಅದು ನನ್ನದಲ್ಲ!"

ನನ್ನದಲ್ಲ ಎಂಬ ಮಾತನ್ನು ವಸೂಲಿಯವರು ದಿನಕ್ಕೆ ಹತ್ತು ಮನೆಯಲ್ಲಿ ಕೇಳುತ್ತಾರೆ. ಅಲ್ಲಿಯವರೆಗೆ ವಿರುಪಾಕ್ಷಿ ಆ ಚೀಲದ ಕಡೆ ನೋಡಿಯೇ ಇರಲಿಲ್ಲ. ಈಗ ನೋಡಿದ. ಹೆಗಲಿಗೇರಿಸಿಕೊಂಡು ನಡೆದ.

ಅವನು ಕಾರಟಗಿಯವನು, ಅಕ್ಕಿ ಗಿರಣಿಯ ನೆರಳಲ್ಲಿ ಬೆಳೆದವನು. ಭತ್ತದ ಚೀಲ ಕಂಡರೆ ಮುಟ್ಟದೆಯೇ ತೂಕ ಹೇಳುತ್ತಿದ್ದ. ಕೂದಲಿಗೆ ಬೆಲೆ ಇದೆ ಎನ್ನುವುದು ಬಿಟ್ಟರೆ ಆ ದಂಧೆಯ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಭಾಗ್ಯನಗರದ ಹೆಂಗಸರು ಮನೆಯಲ್ಲಿ ಕೂತು ಸಿಕ್ಕು ಬಿಡಿಸುವ ಕೂದಲು ಅವರದಲ್ಲ. ವ್ಯಾಪಾರಿ ತೂಗಿ ಕೊಡುತ್ತಾನೆ, ತೂಗಿ ವಾಪಸು ಪಡೆಯುತ್ತಾನೆ. ಬಿಡಿಸಿದ ಕಟ್ಟಿಗೆ ಒಬ್ಬೊಬ್ಬ ವ್ಯಾಪಾರಿಯದು ಒಂದೊಂದು ಬಣ್ಣದ ದಾರ. ರೇಣುಕಮ್ಮನಿಗೆ ಕೆಲಸ ಕೊಡುವ ಮರಿಸ್ವಾಮಿಯದು ಕೆಂಪು. ಬಿಡಿಸಿದ್ದನ್ನು ಶನಿವಾರಕ್ಕೊಮ್ಮೆ ಒಪ್ಪಿಸುವುದು ಪದ್ಧತಿ. ಜ್ವರ ಎಂದು ನೆವ ಹೇಳಿ ಅವಳು ಈ ಸಲ ಮೂರು ವಾರದ್ದನ್ನು ಒಂದೇ ಚೀಲದಲ್ಲಿ ಕೂಡಿಟ್ಟಿದ್ದಳು.

ವಿರುಪಾಕ್ಷಿ ಚೀಲವನ್ನು ಬೈಕಿನ ಮೇಲೆ ಹೇರಿಕೊಂಡು ಎರಡು ಓಣಿ ದಾಟಿ, ಓಬಳೆಪ್ಪ ಎಂಬ ಇನ್ನೊಬ್ಬ ವ್ಯಾಪಾರಿಯ ಗೋದಾಮಿಗೆ ಮಾರಲು ಹೋದ. ಓಬಳೆಪ್ಪ ಚೀಲ ಬಿಚ್ಚಿ ಕೆಂಪು ದಾರ ನೋಡಿದ. "ಕೂಡ್ರಿ ಕೂಡ್ರಿ, ಚಹಾ ತರಸ್ತೀನಿ," ಎಂದು ಉಪಚರಿಸಿ, ಒಳಗೆ ಹೋಗಿ ಮರಿಸ್ವಾಮಿಗೆ ಫೋನು ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಠಾಣೆಯಲ್ಲಿದ್ದರು. ಲಕ್ಷದ ಮೇಲಿನ ಮಾಲು ಕಳವಾಗಿದೆ ಎಂದು ಮರಿಸ್ವಾಮಿ ಬರೆದುಕೊಟ್ಟ. ನನ್ನದಲ್ಲ, ಮುಟ್ಟಬೇಡ ಎಂದು ರೇಣುಕಮ್ಮ ಕೂಗಿದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದು ಬಾನುಬೀ ಸಾಕ್ಷಿ ಹೇಳಿದಳು. ಫೈನಾನ್ಸಿಗೆ ಫೋನು ಮಾಡಿದರೆ, ಅವನು ಹೋದ ವಾರವೇ ಕೆಲಸ ಬಿಟ್ಟವನು, ನಮಗೂ ಅವನಿಗೂ ಸಂಬಂಧವಿಲ್ಲ ಎಂದು ಮ್ಯಾನೇಜರು ಕೈ ತೊಳೆದುಕೊಂಡ. ವಿರುಪಾಕ್ಷಿಯ ಮುಖದ ಬಣ್ಣ ಇಳಿಯುವುದನ್ನು ರೇಣುಕಮ್ಮ ಕಣ್ತುಂಬ ನೋಡಿದಳು. ಅವಳಿಗೆ ಒಂಚೂರೂ ಮರುಕ ಬರಲಿಲ್ಲ.

"ಸಾಹೇಬ್ರ, ಕಳವಲ್ರಿ, ವಸೂಲಿಗೆ ಹೋಗಿದ್ದೆ," ಅವನು ಕೈ ಮುಗಿದು ಮೊಬೈಲು ಚಾಚಿದ. "ದುರ್ಗಾದೇವಿ ಸಾಲ ಇನ್ನೂ ಐತಿ. ನೋಡ್ರಿ ಇಲ್ಲಿ, ಹೆಸರೈತಿ."

ರೇಣುಕಮ್ಮ ಎಲೆಯಡಿಕೆಯ ಸಂಚಿಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಸಬ್‌ಇನ್ಸ್‌ಪೆಕ್ಟರು ಬಿಡಿಸಿ ಓದಿದರು. ದುರ್ಗಾದೇವಿಯ ಮರಣ ಪ್ರಮಾಣಪತ್ರ. ಸತ್ತ ಊರು ನವಲಿ. ತಾರೀಖು, ಅವಳು ಈ ಮನೆಗೆ ಬೀಗ ಜಡಿದು ಹೋದ ಮರುದಿನದ್ದು.

"ಇದನ್ನ ಫೈನಾನ್ಸಿಗೆ ತೋರಿಸಿದ್ರ ಆವತ್ತ ಸಾಲ ಮಾಫ್ ಆಗ್ತಿತ್ತಲ್ಲವ್ವಾ," ಎಂದರು ಅವರು. "ಈ ಮನಷ್ಯಾ ನಿನ್ನ ಬಾಗಲಕ್ಕ ಬರತಿದ್ದಿಲ್ಲ."

"ಅದಕ್ಕ ತೋರಿಸ್ಲಿಲ್ರಿ," ಎಂದಳು ದುರ್ಗಾದೇವಿಯ ತಾಯಿ.