ಗಾಳಿ ಹಾಸಿಗೆ

ಅವ್ವನನ್ನು ಮಗ್ಗುಲಿಗೆ ಹೊರಳಿಸಿದ ಸುಧಾಕರನಿಗೆ ಅವಳ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು ಕಂಡಿತು. ನಡುವೆ ಕಪ್ಪಾಗಿ ಕೀವು ಒಸರುತ್ತಿತ್ತು. "ದಿನಾ ಮೈ ಒರೆಸೋಳು ನೀನು, ಕಣ್ ಕಾಣಲ್ವಾ?" ಎಂದು ಹೆಂಡತಿಯ ಮೇಲೆ ರೇಗಿದ. "ಮೊನ್ನೆ ಬರೀ ಕೆಂಪಗಿತ್ತು ಕಣ್ರೀ, ಪೌಡರ್ ಹಾಕಿದ್ದೆ," ಎಂದಳು ಅನು. ಉಮ್ಮತ್ತೂರಿನಲ್ಲಿ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಅವ್ವ ಕರಿಯಮ್ಮನನ್ನು ಚಾಮರಾಜನಗರದ ಈ ಪುಟ್ಟ ಫ್ಲ್ಯಾಟಿಗೆ ಕರೆತಂದಾಗ, ಇಂಥ ಹುಣ್ಣಾಗಬಾರದೆಂದೇ ಡಾಕ್ಟರು ಮೋಟಾರಿನಿಂದ ಗಾಳಿ ತುಂಬುವ ಹಾಸಿಗೆ ಹಾಕಿಸಿದ್ದರು.

"ಅವಳ್ನ ಬಯ್ಬೇಡ ಕಣ್ಲಾ," ಕರಿಯಮ್ಮ ಗೋಡೆಗೆ ಮುಖಮಾಡಿಕೊಂಡೇ ಹೇಳಿದಳು. "ನೀವಿಬ್ರೂ ಕೆಲ್ಸಕ್ಕೋದ್ಮೇಲೆ ನಾನೇ ಈ ತಲೆತಾವಿರೋ ಮೋಟಾರಿನ ಸ್ವಿಚ್ ಆರಿಸ್ಬುಡ್ತಿದ್ದೆ. ನೀವ್ ಬರೋ ಒತ್ಗೆ ಆಕ್ಬುಡ್ತಿದ್ದೆ."

ಹೋದ ತಿಂಗಳು ಕರೆಂಟ್ ಬಿಲ್ಲು ಹಿಡಿದುಕೊಂಡು, ಎಲ್ಲಾ ಆ ಮೋಟಾರೇ ತಿನ್ತಾ ಅದೆ ಎಂದು ಅಡುಗೆಮನೆಯಲ್ಲಿ ಕೂಗಾಡಿದ್ದವನು ಸುಧಾಕರನೇ. ಗೋಡೆಯಾಚೆ ಅವ್ವ ಮಲಗಿದ್ದಾಳೆಂಬುದು ಆಗ ನೆನಪಾಗಿರಲಿಲ್ಲ.

"ನೋಯ್ತಿರ್ಲಿಲ್ವಾ ಅತ್ತೆ?" ಅನು ಕೇಳಿದಳು. "ಸೊಂಟದ ಕೆಳಗೆ ನಂಗೇನ್ ಗೊತ್ತಾಯ್ತದವ್ವ," ಎಂದ ಕರಿಯಮ್ಮ ಕಷ್ಟಪಟ್ಟು ಕತ್ತು ತಿರುಗಿಸಿ ಮಗನನ್ನು ನೋಡಿದಳು. "ಈ ಸಲ ಬಿಲ್ಲು ಕಮ್ಮಿ ಬಂತೇನ್ಲಾ?"

ಬಿಲ್ಲು ಚೂರೂ ಇಳಿದಿರಲಿಲ್ಲ. ಕರೆಂಟ್ ತಿನ್ನುತ್ತಿದ್ದುದು ಹಳೇ ಗೀಸರು, ಈ ಮೋಟಾರಿಗೆ ಒಂದು ಬಲ್ಬಿನಷ್ಟೂ ಬೇಡವೆಂದು ನಿನ್ನೆಯಷ್ಟೇ ಎಲೆಕ್ಟ್ರಿಷಿಯನ್ ಹೇಳಿಹೋಗಿದ್ದ. ಸುಧಾಕರ ಅವ್ವನ ಮುಖವನ್ನೇ ನೋಡಿದ.

"ಬಾಳ ಕಮ್ಮಿ ಬಂತು ಕಣವ್ವ," ಎಂದ.