ಬೆಳಗಿನ ಕೋಣೆ

ಕವಿಯ ಮನೆಗೆ ಬೆಂಕಿ ಬಿದ್ದು ಎಲ್ಲವೂ ಸುಟ್ಟುಹೋದಾಗ, ಸಹಾಯ ಕೇಳಿ ಪತ್ರ ಬರೆಯುವ ಹೊಣೆ ಅವನ ಹಳೆಯ ಗೆಳೆಯ ಕಾದಂಬರಿಕಾರನ ಹೆಗಲಿಗೆ ಬಿತ್ತು. ಬೆಳಿಗ್ಗೆ ಬರೆಯಲು ಕೂತವನು ಊಟಕ್ಕೂ ಏಳಲಿಲ್ಲ. ಪತ್ರದ ತುಂಬ ಬೂದಿಯಲ್ಲಿ ಕೈಯಾಡಿಸುತ್ತ ತನ್ನ ಹಸ್ತಪ್ರತಿಯ ಒಂದಾದರೂ ಸಾಲಿಗಾಗಿ ಹುಡುಕುವ ಕವಿ, ಅವನ ಕೆನ್ನೆಯ ಮೇಲೆ ಇಳಿಯುವ ಕಣ್ಣೀರು. ಬರೆಯುತ್ತ ಬರೆಯುತ್ತ ಕಾದಂಬರಿಕಾರನ ಕಣ್ಣೂ ಒದ್ದೆಯಾಯಿತು.

ಪತ್ರ ಊರೂರಿನ ಲೇಖಕರಿಗೆ ಹೋಯಿತು, ಉತ್ತರಗಳೂ ಬಂದವು. ಇಂಥ ಗದ್ಯ ಓದಿ ಎಷ್ಟು ಕಾಲವಾಯಿತು ಎಂದು ಒಬ್ಬರು ಬರೆದರೆ, ಓದುವಾಗ ಗಂಟಲು ಕಟ್ಟಿತು ಎಂದು ಇನ್ನೊಬ್ಬರು. ವಿಮರ್ಶಕರೊಬ್ಬರು ಅದನ್ನು ತಮ್ಮ ಪ್ರಬಂಧ ಸಂಕಲನಕ್ಕೇ ಕೇಳಿದರು. ಕೆಲವರು ಹೊದಿಕೆ, ಪಾತ್ರೆ ಕಳಿಸಿದರು. ಹಲವರು ತಾವೇ ಬರೆದ ಪುಸ್ತಕಗಳ ಕಟ್ಟು ಕಳಿಸಿದರು. ಕಾದಂಬರಿಕಾರ ಉತ್ತರಗಳನ್ನೆಲ್ಲ ಹೆಂಡತಿಗೆ ಓದಿ ಹೇಳಿದ. ಬಟ್ಟೆ ಮಡಚುತ್ತ ಕೇಳಿಸಿಕೊಂಡ ಅವಳು, "ಎಲ್ಲಾ ಸರಿ. ನಿಮ್ಮ ಗೆಳೆಯರಿಗೇನು ಬೇಕು ಅಂತ ಯಾರಾದ್ರೂ ಕೇಳಿದ್ರಾ?" ಅಂದಳು.

ಅವನು ಕವಿಯನ್ನು ನೋಡಲು ಮರುದಿನವೇ ಹೊರಟ.

ಕವಿ ತಂಗಿಯ ಮನೆ ಸೇರಿದ್ದ. ಮಕ್ಕಳು ಮರಿ ತುಂಬಿದ, ಕಾಲಿಡಲು ಜಾಗವಿಲ್ಲದ ಮನೆ. ಮೆಟ್ಟಿಲ ಮೇಲೆ ಕೂತಿದ್ದ ಅವನ ಕೈಗೂ ಆ ಪತ್ರ ತಲುಪಿತ್ತು.

"ಚೆನ್ನಾಗಿ ಬರೆದಿದೀಯ ಕಣೋ," ಅಂದ. "ಆದ್ರೆ ನಾನು ಅತ್ತಿಲ್ಲ. ಅವತ್ತಿಂದ ಅಳೂನೂ ಬಂದಿಲ್ಲ, ಒಂದು ಸಾಲೂ ಬಂದಿಲ್ಲ."

ಕಾದಂಬರಿಕಾರ ತಲೆ ತಗ್ಗಿಸಿದ. ಏನು ಬೇಕು ಹೇಳು ಎಂದು ಕೇಳಿದ್ದಕ್ಕೆ ಕವಿ ಒಳಗಿನ ಗದ್ದಲದತ್ತ ಕೈ ತೋರಿಸಿದ.

"ಬಾಗಿಲು ಹಾಕ್ಕೊಳ್ಳೋಕಾಗೋ ಒಂದು ಕೋಣೆ. ಬೆಳಗಿನ ಹೊತ್ತು ಮಾತ್ರ ಸಾಕು."

ಬಸ್ಸಿನಲ್ಲಿ ವಾಪಸು ಬರುವಾಗ ಕಾದಂಬರಿಕಾರ ಮನಸ್ಸಿನಲ್ಲೇ ಗೆಳೆಯರ ಮನೆಮನೆ ಹೊಕ್ಕು ಬಂದ. ಒಬ್ಬರ ಮಹಡಿ ಖಾಲಿ ಇತ್ತು, ಆದರೆ ಅವರು ಮಾತಿನ ಮಲ್ಲರು. ಇನ್ನೊಬ್ಬರದು ದೂರ. ಕೊನೆಗೆ ಉಳಿದದ್ದು ಅವನದೇ ಕೋಣೆ. ಬೆಳಗಿನ ಹೊತ್ತು ಅವನು ಬರೆಯುವ, ಹೆಂಡತಿಯೂ ಬಾಗಿಲು ತಟ್ಟಿಯೇ ಒಳಬರುವ ಕೋಣೆ. ಬಸ್ಸಿಳಿಯುವವರೆಗೂ ಅವನ ಮನಸ್ಸು ಹಿಂದೆಮುಂದೆ ನೋಡುತ್ತಲೇ ಇತ್ತು. ಮನೆಗೆ ಬಂದವನೇ ತನ್ನ ಕಾಗದಗಳನ್ನು ಎತ್ತಿ ಅಡುಗೆಮನೆಯ ಮೇಜಿಗೆ ತಂದಿಟ್ಟು, ಕವಿಗೆ ಹೇಳಿಕಳಿಸಿದ.

ಕವಿ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬರತೊಡಗಿದ. ಬಂದು ಬಾಗಿಲು ಹಾಕಿಕೊಂಡರೆ ಒಳಗಿಂದ ಕುರ್ಚಿ ಅಲುಗಿದ ಸದ್ದೂ ಇಲ್ಲ. ಮಧ್ಯಾಹ್ನ ಹೊರಬಂದು, ನೀರು ಕುಡಿದು, ಯಾರ ಮುಖವನ್ನೂ ನೋಡದೆ ಹೋಗಿಬಿಡುತ್ತಿದ್ದ. ಇತ್ತ ತರಕಾರಿ ಸಿಪ್ಪೆಗಳ ನಡುವೆ ಕೂತ ಕಾದಂಬರಿಕಾರನಿಗೂ ಒಂದಕ್ಷರ ಹೊಳೆಯಲಿಲ್ಲ. ತನ್ನ ಬರವಣಿಗೆಯೂ ಕೆಟ್ಟಿತು, ಅವನದೂ ಸಾಗಲಿಲ್ಲ ಎಂದು ಒಳಗೊಳಗೇ ಕೊರಗಿದ. ಹೇಳಿದರೆ ಹೆಂಡತಿ, ಸುಮ್ಮನಿರಿ ಎಂದು ಬಾಯಿ ಮುಚ್ಚಿಸಿದಳು.

ಒಂದು ಬೆಳಿಗ್ಗೆ ಕೋಣೆಯೊಳಗೆ ಪರ್‍ರನೆ ಕಾಗದ ಹರಿದ ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಆಮೇಲೆ ಮತ್ತೊಂದು ಸಲ, ಸಿಟ್ಟಿನಿಂದ.

ಹೆಂಡತಿ ಗಾಬರಿಯಾಗಿ ಎದ್ದಳು. "ಏನಾಯ್ತು ರೀ ಅವರಿಗೆ? ಹೋಗಿ ನೋಡಿ."

ಕಾದಂಬರಿಕಾರ ಅವಳ ಕೈ ಹಿಡಿದು ಕೂರಿಸಿದ. ಎಷ್ಟೋ ದಿನಗಳ ಮೇಲೆ ಅವನ ಮುಖ ಅರಳಿತ್ತು.

"ಹರೀಲಿ ಬಿಡೆ," ಅಂದ ಮೆಲ್ಲಗೆ. "ಬರೆದಿದಾನೆ, ಅದಕ್ಕೇ ಹರೀತಿದಾನೆ."