ಪಾಲಿಕೆಯ ಮೆಟ್ಟಿಲ ಮೇಲೆ ಸಂಡಿಗೆ

ನಮ್ಮ ವಾರ್ಡಿಗೆ ಪಾಲಿಕೆಯವರು ವಾರದಲ್ಲಿ ಮೂರು ದಿನ ಬಿಸಿಲು ಬಿಡುತ್ತಾರೆ. ಅದನ್ನೇ ನಂಬಿ ಫಕೀರವ್ವ ಮಗಳ ಮದುವೆಗೆಂದು ಮಾಳಿಗೆಯ ತುಂಬ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಳು. ಆಕಾಶ ತೆರೆಯಲೇ ಇಲ್ಲ. ಸಿಟ್ಟಿಗೆದ್ದು ಕಾರ್ಪೊರೇಟರ್ ಅಡಿವೆಪ್ಪನಿಗೆ ಫೋನು ಮಾಡಿದಳು.

"ನಿನ್ನೆ ಠರಾವು ಆತಕ್ಕಾ. ನಿಮ್ಮ ಬಿಸಿಲು ಇನ್ನ ಹೊಸ ಈಜುಕೊಳಕ್ಕ."

"ಯಾರನ್ನ ಕೇಳಿ ಕೊಟ್ರಿ? ನೀವೇನು ಮಾಡಾಕತ್ತಿದ್ರಿ?"

"ನಾ ಆವಾಗ ಚಾ ಕುಡಿಯಾಕ ಹೋಗಿದ್ದೆ."

ನಗರದಲ್ಲಿ ದಿನವೂ ಬಿಸಿಲು ಬೀಳುವುದು ಪಾಲಿಕೆಯ ಕಚೇರಿಗೆ ಮಾತ್ರ. ಸಂಡಿಗೆ ಹುಳಿಯುವ ಮೊದಲೇ ಓಣಿಯ ಹೆಂಗಸರೆಲ್ಲ ಹಾಸಿದ್ದ ಆ ಸೀರೆಗಳ ತುದಿಯನ್ನು ಬಿಗಿಯಾಗಿ ಹಿಡಿದು ಅಲ್ಲಿಗೆ ನಡೆದೆವು. ಹೊಸ್ತಿಲಿನಿಂದ ಗೇಟಿನವರೆಗೆ ಹಾಸಿಬಿಟ್ಟೆವು.

ಅಂದಿನ ಸಭೆ ಮುಗಿಸಿ ಬಂದ ಸದಸ್ಯರು ಬಾಗಿಲಲ್ಲೇ ನಿಂತರು. ನಮ್ಮ ಬಿಸಿಲನ್ನು ಕಿತ್ತುಕೊಂಡವರಿಗೆ ಮದುವೆಯ ಸಂಡಿಗೆ ದಾಟುವ ಧೈರ್ಯವಿರಲಿಲ್ಲ.

"ದಾರಿ ಬಿಡವ್ವಾ, ಊಟದ ಹೊತ್ತಾತು," ಎಂದರು ಮೇಯರ್. "ಮುಂದಿನ ಸಭೆಯೊಳಗ ನಿಮ್ಮ ವಿಷಯ ತಗೋತೀವಿ."

ಫಕೀರವ್ವ ಕಾಗೆ ಓಡಿಸುವ ಕೋಲು ಹಿಡಿದು ಮೆಟ್ಟಿಲ ಮೇಲೆ ಕುಳಿತಳು.

"ಹೆಂಗೂ ಎಲ್ಲಾರೂ ಒಳಗ ಅದೀರಿ, ಈಗ ತಗೋರಿ. ಇವು ಒಣಗಾಕ ಇನ್ನೂ ಮೂರು ಬಿಸಿಲು ಬೇಕು."